ಬೂದಿಯ ಕೊರಳಿಗೆ ರೇಡಿಯೋ ಕಟ್ಟಿದ ವರ್ಷ

ಹೋದ ತಿಂಗಳು ಹುಣಸೂರು ಬಸ್ ನಿಲ್ದಾಣದ ಪಕ್ಕದಲ್ಲಿ ಚಪ್ಪಲಿ ಹೊಲಿಯುವವರ ಮುಂದೆ ನಿಂತಿದ್ದೆ. ನನ್ನ ಕೈಚೀಲದ ಹಿಡಿ ಕಿತ್ತುಹೋಗಿತ್ತು. ಅವರು ಬೇರೆ ಯಾರದೋ ತೊಗಲಿನ ಪಟ್ಟಿಗೆ ಹರಳೆಣ್ಣೆ ಸವರಿ ಬಿಸಿಲಿಗೆ ಇಟ್ಟಿದ್ದರು. ಎಣ್ಣೆ ಕುಡಿದು ಬಿಸಿಲಿಗೆ ಕಾಯುತ್ತಿದ್ದ ಆ ತೊಗಲಿನ ವಾಸನೆ ಮೂಗಿಗೆ ಬಡಿದದ್ದೇ ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಮೊದಲು ಯಾಕೆ ಅಂತಲೇ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ಅದು ಸಿಟ್ಟು. ಇಷ್ಟು ವರ್ಷವಾದರೂ ಆರದ ಸಿಟ್ಟು. ಮನೆಗೆ ಬಂದು ಬರೆಯಲು ಕೂತೆ.

ಅದು ಎರಡು ಸಾವಿರದ ಆರನೇ ಇಸವಿಯ ಬೇಸಿಗೆ. ನನಗೆ ಇಪ್ಪತ್ಮೂರು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಬಿಳಿಕೆರೆಯ ಮನೆಯಲ್ಲಿ ಕೂತಿದ್ದೆ. ಅಪ್ಪನಿಗೆ ಅಲ್ಲಿ ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿ, ಹಿತ್ತಲಲ್ಲಿ ಎರಡು ಹಸು. ಕಾಡಂಚಿನ ಊರುಗಳ ದನಕರುಗಳ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆಯೊಂದು ಕ್ಷೇತ್ರ ಸಹಾಯಕರನ್ನು ಹುಡುಕುತ್ತಿದೆ ಎಂದು ಗೆಳತಿಯೊಬ್ಬಳು ಹೇಳಿದಳು. ಸಂದರ್ಶನದಲ್ಲಿ ಅವರು ಕೇಳಿದ್ದು ಎರಡೇ ಪ್ರಶ್ನೆ. ಕಂಪ್ಯೂಟರ್ ಬರುತ್ತದೆಯೇ, ಹಸುವಿನ ಹತ್ತಿರ ಹೋಗಲು ಹೆದರಿಕೆಯೇ. ಮೊದಲನೆಯದಕ್ಕೆ ಹೂಂ, ಎರಡನೆಯದಕ್ಕೆ ಇಲ್ಲ ಅಂದೆ. ಕೆಲಸ ಸಿಕ್ಕಿತು. ಸಂಸ್ಥೆಯ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲಿ ಬರೆಯುವುದಿಲ್ಲ. ಮುಖ್ಯಸ್ಥರನ್ನು ನಾವೆಲ್ಲ 'ಸರ್' ಅನ್ನುತ್ತಿದ್ದೆವು, ಇಲ್ಲೂ ಹಾಗೇ ಅನ್ನುತ್ತೇನೆ.

ಸರ್ ಕೈಗೆ ಕೊಟ್ಟದ್ದು ಒಂದು ಕೊರಳಪಟ್ಟಿ. ಅದಕ್ಕೆ ಸೋಪಿನ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಯಂತ್ರ ಉಪಗ್ರಹಗಳ ಸಂಕೇತ ಹಿಡಿದು, ಹಸು ಯಾವ ಜಾಗದಲ್ಲಿ ಇದೆ ಎಂಬುದನ್ನು ಅರ್ಧ ಗಂಟೆಗೊಮ್ಮೆ ಬರೆದಿಟ್ಟುಕೊಳ್ಳುತ್ತಿತ್ತು. ಹತ್ತು ದಿನಕ್ಕೊಮ್ಮೆ ನಾನು ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದರೆ ಹಸು ಓಡಾಡಿದ ಜಾಗವೆಲ್ಲ ನಕ್ಷೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಮೂಡುತ್ತಿತ್ತು. ಹೊರದೇಶದಿಂದ ಬಂದಿದ್ದ ಅದರ ಪ್ಲಾಸ್ಟಿಕ್ ಪಟ್ಟಿ ನಮ್ಮ ನಾಟಿ ಹಸುವಿನ ಕೊರಳಿಗೆ ಒರಟಾಗಿ, ಚರ್ಮ ಕೆಂಪಾಗುತ್ತಿತ್ತು. ಅದಕ್ಕೇ ಹುಣಸೂರಿನಲ್ಲಿ ತೊಗಲಿನ ಪಟ್ಟಿ ಹೊಲಿಸಿ, ವಾರಕ್ಕೊಮ್ಮೆ ಹರಳೆಣ್ಣೆ ಹಾಕಿ ಮೆತ್ತಗೆ ಮಾಡುತ್ತಿದ್ದೆ. ಆ ಜಾಣತನಕ್ಕೆ ಸರ್ ನನ್ನ ಬೆನ್ನು ತಟ್ಟಿದ್ದರು.

ವಾರದ ಆರು ದಿನ ಎಚ್.ಡಿ. ಕೋಟೆಯಲ್ಲಿ ಒಂದು ಕೋಣೆ ಹಿಡಿದು ಇರುತ್ತಿದ್ದೆ. ಬೆಳಿಗ್ಗೆ ಬಸ್ಸು ಹಿಡಿದು ಕಾಡಿನ ಕಡೆಯ ಕೊನೆಯ ನಿಲುಗಡೆಯಲ್ಲಿ ಇಳಿದರೆ ಮೂರು ಕಿಲೋಮೀಟರು ನಡಿಗೆ. ಆ ಊರಿನಲ್ಲಿ ಎಂಟು ಮಂದೆಗಳಿದ್ದವು. ಎಲ್ಲಕ್ಕಿಂತ ದೊಡ್ಡದು ದೇವೀರಮ್ಮನ ಮಂದೆ, ಮೂವತ್ತೆರಡು ದನ. ಅರ್ಧ ಅವಳವು, ಅರ್ಧ ಊರವರವು. ಗಂಡ ತೀರಿಕೊಂಡ ಮೇಲೆ ಮಂದೆಯನ್ನು ಅವಳೇ ಹೊಡೆದುಕೊಂಡು ಹೋಗುತ್ತಿದ್ದಳು. ಐವತ್ತೈದು ದಾಟಿದ ಹೆಂಗಸು, ಸಣಕಲು ಮೈ, ತಲೆಗೆ ಟವೆಲ್ಲು, ಕೈಯಲ್ಲೊಂದು ಬಿದಿರು ಕೋಲು. ಆ ಕೋಲಿನಿಂದ ಅವಳು ಹಸುವಿಗೆ ಹೊಡೆದದ್ದನ್ನು ನಾನು ನೋಡಲೇ ಇಲ್ಲ. ಮಂದೆಯ ಮುಂದಾಳು ಬೂದಿ ಎಂಬ ಹಸು, ಹೆಸರಿನಂತೆಯೇ ಬೂದಿ ಬಣ್ಣ. ಬೂದಿ ಎತ್ತ ಹೊರಟರೆ ಮಂದೆ ಅತ್ತ. ಹಾಗಾಗಿ ಪಟ್ಟಿ ಕಟ್ಟಬೇಕಾದದ್ದು ಬೂದಿಯ ಕೊರಳಿಗೆ.

ಮೊದಲ ದಿನ ನಾನು ಹೋಗಿ ವಿಷಯ ಹೇಳಿದಾಗ ದೇವೀರಮ್ಮ ಪೆಟ್ಟಿಗೆಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು.

"ಏನ್ ಕೂಸೇ ಇದು, ರೇಡಿಯೋನಾ?"

"ರೇಡಿಯೋ ಅಲ್ಲ ದೊಡ್ಡವ್ವ. ಬೂದಿ ಎಲ್ಲೆಲ್ಲಿ ಹೋಗ್ತಾಳೆ ಅಂತ ಹೇಳುತ್ತೆ."

"ಎಲ್ಲೋಯ್ತಾಳೆ ಅಂತ ನಂಗೊತ್ತಲ್ಲ. ಇದು ಯಾರ್ಗೇಳ್ತದೆ?"

ಇದು ಯಾರಿಗೆ ಹೇಳುತ್ತದೆ. ಆ ವರ್ಷ ಬೇರೆ ಯಾರೂ ಕೇಳದಿದ್ದ ಪ್ರಶ್ನೆ ಅದೊಂದೇ. ಮೈಸೂರಿನ ಕಚೇರಿಯಲ್ಲಿ ದೊಡ್ಡ ದೊಡ್ಡ ಪದವಿ ಪಡೆದವರು ಮೂರು ದಿನ ತರಬೇತಿ ಕೊಟ್ಟಿದ್ದರು. ಬ್ಯಾಟರಿ ಎಷ್ಟು ದಿನ ಬರುತ್ತದೆ, ತಿರುಪು ಹೇಗೆ ಬಿಗಿಯಬೇಕು, ನಕ್ಷೆಗೆ ಯಾವ ಬಣ್ಣ ಹಾಕಬೇಕು, ಎಲ್ಲ ಹೇಳಿಕೊಟ್ಟಿದ್ದರು. ಇದೊಂದನ್ನು ಹೇಳಿಕೊಟ್ಟಿರಲಿಲ್ಲ. ನಾನು ಕ್ಷಣವೂ ಯೋಚಿಸದೆ, "ನನಗೆ ಹೇಳುತ್ತೆ ದೊಡ್ಡವ್ವ. ದನ ಎಲ್ಲಿ ಮೇಯುತ್ತೆ, ಎಲ್ಲಿ ನೀರು ಕುಡಿಯುತ್ತೆ ಅಂತ ಗೊತ್ತಾದರೆ ನೀರಿನ ತೊಟ್ಟಿ ಎಲ್ಲಿ ಕಟ್ಟಬೇಕು, ಮೇವಿನ ಬೀಜ ಎಲ್ಲಿ ಚೆಲ್ಲಬೇಕು ಅಂತ ನಮ್ಮವರು ಸರ್ಕಾರಕ್ಕೆ ಹೇಳ್ತಾರೆ" ಅಂದೆ. ನನಗೆ ಹೇಳಿದ್ದನ್ನೇ ಹೇಳಿದೆ. ನಂಬಿಯೇ ಹೇಳಿದೆ.

ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿತ್ತು. ಓದಿ ಕನ್ನಡದಲ್ಲಿ ಹೇಳಿದೆ, ಅರ್ಧಂಬರ್ಧ. ಅವಳ ಹೆಬ್ಬೆರಳನ್ನು ನಾನೇ ಹಿಡಿದು ಶಾಯಿಗೆ ಅದ್ದಿ ಒತ್ತಿಸಿದೆ. ಬೆರಳು ಒಡೆದು ಒರಟಾಗಿತ್ತು, ಗುರುತು ಸರಿಯಾಗಿ ಮೂಡಲಿಲ್ಲ. ಎರಡನೇ ಸಲ ಒತ್ತಿಸಿದೆ.

ಮಾರ್ಚಿನಿಂದ ಮೇ ತನಕ ವಾರದಲ್ಲಿ ನಾಲ್ಕು ದಿನ ನಾನೂ ಮಂದೆಯ ಹಿಂದೆ ನಡೆದೆ. ಬೆಳಿಗ್ಗೆ ಎಂಟಕ್ಕೆ ಹಟ್ಟಿಯಿಂದ ಹೊರಟರೆ ಗೋಮಾಳ ದಾಟಿ, ಹತ್ತೂವರೆಗೆ ಕಲ್ಲುಬಾರೆ ಎಂಬ ದಿಬ್ಬ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಬಸವನಕಟ್ಟೆ. ಊರಿನ ಎಂಟೂ ಮಂದೆ ಬೇಸಿಗೆಯಲ್ಲಿ ನೀರು ಕುಡಿಯುತ್ತಿದ್ದದ್ದು ಆ ಕಟ್ಟೆಯಲ್ಲೇ. ಕಟ್ಟೆಯ ಆಚೆ ದಡಕ್ಕೆ ಅಂಟಿಕೊಂಡಂತೆ ಸುಣ್ಣ ಬಳಿದ ಗಡಿಕಲ್ಲುಗಳ ಸಾಲು, ಅದರಾಚೆ ಕಾಡು. ಕಾಡಿನ ಮರಗಳು ಗಡಿ ಗೊತ್ತಿಲ್ಲದೆ ಈಚೆಗೂ ಬೆಳೆದಿದ್ದವು. ದನಗಳು ನೀರು ಕುಡಿದು ಆ ಮರಗಳ ನೆರಳಲ್ಲಿ ಮೂರು ಗಂಟೆಯ ತನಕ ಮಲಗಿ ಮೆಲುಕು ಹಾಕುತ್ತಿದ್ದವು. ದೇವೀರಮ್ಮ ಗಡಿಕಲ್ಲಿಗೆ ಒರಗಿ, ಕಾಡಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಯಾವುದಾದರೂ ಹಸು ಕಲ್ಲಿನ ಕಡೆ ಮೂತಿ ತಿರುಗಿಸಿದರೆ ಸಾಕು, ನಾಲಿಗೆಯಲ್ಲಿ ಟಕ್ ಎಂದು ಒಂದು ಸದ್ದು. ಅದು ಅಲ್ಲೇ ನಿಲ್ಲುತ್ತಿತ್ತು.

"ಆಕಡೀಕೆ ಬುಟ್ರೆ ಉಲಿ ತಿಂತದೆ. ಉಲಿ ಬುಟ್ರೆ ಗಾರ್ಡು ತಿಂತಾನೆ," ಅನ್ನುತ್ತಿದ್ದಳು. "ನಮ್ಮತ್ತೆ ಕಾಲ್ದಿಂದ್ಲೂ ಈ ಕಲ್ ದಾಟಿಲ್ಲ ಕಣವ್ವ ನಾವು."

ಹತ್ತು ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ, ಅವಳ ಜಗುಲಿಯ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಅಕ್ಷರ ಬಾರದ ಹೆಂಗಸಿಗೆ ಈ ಚುಕ್ಕೆಗಳು ಏನು ತಿಳಿದಾವು ಎಂದುಕೊಂಡಿದ್ದೆ. ಇದು ಊರು, ಇದು ಕಟ್ಟೆ ಅಂತ ಒಂದು ಸಲ ತೋರಿಸಿದ್ದಷ್ಟೆ. ಎರಡನೇ ಸಲಕ್ಕೆ ಅವಳೇ ಪರದೆಯ ಮೇಲೆ ಬೆರಳಿಟ್ಟು ಓದತೊಡಗಿದಳು. ಕಲ್ಲುಬಾರೆಯ ಹತ್ತಿರ ಒಂದು ಕಡೆ ಚುಕ್ಕೆಗಳು ಗುಂಪಾಗಿದ್ದವು.

"ಇದು ಸ್ವಾಮಾರ ಅಲ್ವಾ. ಚೌರಿ ಕರು ಆಕಿದ್ದು. ಬೂದಿ ಬುಟ್ಬರ್ದೆ ಅಲ್ಲೇ ನಿಂತಿದ್ಲು ನೋಡು."

ದಿನಾಂಕ ನೋಡಿದೆ. ಸೋಮವಾರವೇ. ಊರಲ್ಲಿ ಎಲ್ಲರೂ "ಬೂದಿ ರೇಡಿಯೋ ಹಾಕ್ಕೊಂಡವ್ಳೆ, ಇವತ್ತೇನ್ ವಾರ್ತೆ" ಎಂದು ತಮಾಷೆ ಮಾಡುತ್ತಿದ್ದರು. ದೇವೀರಮ್ಮನಿಗೆ ಅದರಿಂದ ಸ್ವಲ್ಪ ಹೆಮ್ಮೆಯೇ ಆಗಿತ್ತು. ಈ ಯಂತ್ರದ ಮೇಲೆ ನನಗೆ ದ್ವೇಷ ಹುಟ್ಟಲೇ ಇಲ್ಲ, ಇವತ್ತಿಗೂ ಇಲ್ಲ. ಅವಳಂಥವಳ ಕೈಯಲ್ಲಿ ಇದ್ದಿದ್ದರೆ ಅದು ಎಷ್ಟು ಕೆಲಸಕ್ಕೆ ಬರುತ್ತಿತ್ತು ಎನ್ನುವುದನ್ನು ನಾನು ಕಣ್ಣಾರೆ ಕಂಡವಳು.

ಏಪ್ರಿಲ್ ಕೊನೆಯಲ್ಲಿ ಒಂದು ದಿನ ಅವಳ ಬೆರಳು ಪರದೆಯ ಮೇಲೆ ನಿಂತಿತು. ಗಡಿಕಲ್ಲಿನ ಸಾಲಿನಿಂದ ಆಚೆ, ಕಾಡಿನ ಒಳಗೆ ನಾಲ್ಕೈದು ಚುಕ್ಕೆ ಬಿದ್ದಿದ್ದವು.

"ಇದು ಸುಳ್ಳು."

"ಯಾಕೆ ದೊಡ್ಡವ್ವ?"

"ಒತ್ತು ನೆತ್ತಿಮ್ಯಾಕೆ ಬಂದಾಗ ನಾವ್ ಕಟ್ಟೆತಾವ್ ಇದ್ವಿ. ನೀನೂ ಇದ್ದೆ. ಮಜ್ಜಿಗೆ ಕುಡದ್ವಲ್ಲ."

ನನಗೆ ನೆನಪಿತ್ತು. ಆದರೂ ಅಂದೆ, "ಯಂತ್ರ ಸುಳ್ಳು ಹೇಳಲ್ಲ ದೊಡ್ಡವ್ವ. ನಾವು ಮಾತಾಡ್ತಾ ಇದ್ದಾಗ ಬೂದಿ ಒಂದು ಸುತ್ತು ಹೋಗಿ ಬಂದಿರಬೇಕು."

ಅವಳು ನನ್ನ ಮುಖ ನೋಡಿದಳು. ಎದ್ದು ಹೋಗಿ ಬೂದಿಗೆ ಕಲಗಚ್ಚು ಇಟ್ಟಳು.

ನಾನು ಸರ್‌ಗೆ ಫೋನು ಮಾಡಿ ಕೇಳಿದೆ. "ಓ, ಅದಾ? ದಟ್ಟ ಮರದ ಕೆಳಗೆ ಸಂಕೇತ ಸರಿಯಾಗಿ ಸಿಗಲ್ಲ. ಚುಕ್ಕೆ ಇನ್ನೂರು ಮುನ್ನೂರು ಮೀಟರು ಹಾರುತ್ತೆ. ಎಲ್ಲ ಸೇರಿಸಿ ಕಳಿಸು, ಆಮೇಲೆ ಸರಿ ಮಾಡೋಣ" ಅಂದರು. ಹಗುರವಾಗಿ ಅಂದರು. ಅವರಿಗೆ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು. ಹಾರಿದ ಚುಕ್ಕೆಗಳನ್ನೂ ಸೇರಿಸಿ ಕಳಿಸಿದೆ.

ಮೇ ತಿಂಗಳ ಕೊನೆಯಲ್ಲಿ ಕೋಟೆಯಲ್ಲಿ ಸಭೆ. ತಾಲ್ಲೂಕಿನ ಅಧಿಕಾರಿಗಳು, ಅರಣ್ಯದವರು, ಪಶುವೈದ್ಯರು ಎಲ್ಲ ಬರುತ್ತಾರೆ, ನಮ್ಮ ಮೂರು ತಿಂಗಳ ಕೆಲಸ ತೋರಿಸುತ್ತೇವೆ, ದನಗಾಹಿಗಳ ಪರವಾಗಿ ಒಬ್ಬರನ್ನು ಕರೆದುಕೊಂಡು ಬಾ ಎಂದು ಸರ್ ಹೇಳಿದರು. ಶಾಲು ಹೊದಿಸುತ್ತೇವೆ ಎಂದರು. ನಾನು ಖುಷಿಯಿಂದ ದೇವೀರಮ್ಮನನ್ನು ಕರೆದುಕೊಂಡು ಹೋದೆ. ಅವಳು ತನ್ನ ಕಂದು ಬಣ್ಣದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಬಸ್ಸಿನಲ್ಲಿ ನನ್ನ ಪಕ್ಕ ಕಿಟಕಿಯ ಕಡೆ ಕೂತು ಬಂದಳು. ಮಂದೆಯನ್ನು ಆ ದಿನಕ್ಕೆ ನಾದಿನಿಗೆ ಒಪ್ಪಿಸಿದ್ದಳು.

ಸಭಾಂಗಣದಲ್ಲಿ ಕಿಟಕಿ ಮುಚ್ಚಿ ಗೋಡೆಯ ಮೇಲೆ ನಕ್ಷೆ ಬಿಟ್ಟರು. ಗಡಿಯ ಈಚೆಗಿನ ಚುಕ್ಕೆಗಳು ಹಸಿರು, ಆಚೆಗಿನವು ಕೆಂಪು. ನಾನು ಬಣ್ಣ ಹಾಕಿರಲಿಲ್ಲ. ಕೆಂಪು ಚುಕ್ಕೆಗಳನ್ನು ದೊಡ್ಡದು ಮಾಡಿದ್ದರು, ಕಾಡಿಗೆ ಸಿಡುಬು ಎದ್ದಂತೆ ಕಾಣುತ್ತಿತ್ತು. ಮೇಲೆ ಕನ್ನಡದಲ್ಲಿ ದಪ್ಪಕ್ಷರ: 'ಅರಣ್ಯದೊಳಗೆ ಜಾನುವಾರು ನುಗ್ಗುವಿಕೆ'. ಕೆಳಗೆ: 'ದೇವೀರಮ್ಮನವರ ಮಂದೆ'.

ಸರ್ ಮಾತಾಡುತ್ತ ಹೋದರು. ಕಟ್ಟೆಯೇ ಒಳಗೆ ಹೋಗುವ ಬಾಗಿಲು ಅಂದರು. ಇಂಥ ನಿಖರ ಮಾಹಿತಿ ಈ ಭಾಗದಲ್ಲಿ ಹಿಂದೆ ಯಾರೂ ಕೊಟ್ಟಿಲ್ಲ ಅಂದರು. ನೀರಿನ ತೊಟ್ಟಿಯ ಮಾತು ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಬರಲಿಲ್ಲ.

ದೇವೀರಮ್ಮ ನನ್ನ ಕಿವಿಯ ಹತ್ತಿರ ಬಾಗಿದಳು. "ಅಲ್ ಬರ್ದಿರಾದು ನನ್ನೆಸ್ರಾ?"

"ಹೂಂ."

"ಎಸ್ಟ್ ದೊಡ್ಡದಾಗ್ ಬರ್ದವ್ರೆ," ಎಂದು ನಕ್ಕಳು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಅರಣ್ಯದ ಅಧಿಕಾರಿ ಹಿಂದಕ್ಕೆ ತಿರುಗಿ, "ಇವರೇನಾ ದೇವೀರಮ್ಮ ಅಂದರೆ?" ಎಂದು ಕೇಳಿದರು. ಎಲ್ಲರೂ ತಿರುಗಿ ನೋಡಿದರು. ತನ್ನನ್ನು ಶಾಲಿಗೆ ಕರೆಯುತ್ತಿದ್ದಾರೆ ಎಂದುಕೊಂಡ ಅವಳು ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ಇಡೀ ಸಭೆಗೆ ಕೈ ಮುಗಿದಳು.

ಈ ಒಂದು ಗಳಿಗೆಯನ್ನು ನಾನು ಮರೆಯಲಾರೆ. ಅವಳು ಕೈ ಮುಗಿದುಕೊಂಡು ನಿಂತಿದ್ದಾಳೆ, ಅಧಿಕಾರಿ ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಾರೆ, ಸರ್ ನಗುತ್ತಿದ್ದಾರೆ. ನಾನು ಏಳಬೇಕಿತ್ತು. ಆ ಚುಕ್ಕೆಗಳು ಸುಳ್ಳು ಎಂದು ಅಲ್ಲೇ ಕೂಗಬೇಕಿತ್ತು. ಕೂತೇ ಇದ್ದೆ. ಆಮೇಲೆ ಶಾಲು ಹೊದಿಸಿದರು, ಚಪ್ಪಾಳೆ ತಟ್ಟಿದರು, ಉಪ್ಪಿಟ್ಟು ಕೊಟ್ಟರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳು ಶಾಲನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು, ನೀರಿನ ತೊಟ್ಟಿ ಯಾವಾಗ ಕಟ್ಟುತ್ತಾರೆ ಎಂದು ಕೇಳಿದಳು. ನಾನು ಕಿಟಕಿಯಾಚೆ ನೋಡುತ್ತಾ ಕೂತೆ.

ವಾರ ಕಳೆಯುವುದರೊಳಗೆ ಕಟ್ಟೆಯ ಹತ್ತಿರ ಗಾರ್ಡುಗಳು ಬಂದು ಅವಳ ಮಂದೆಯನ್ನು ಹೊಡೆದುಕೊಂಡು ಹೋಗಿ ಪುಂಡು ದನ ಕೂಡುವ ದೊಡ್ಡಿಗೆ ಹಾಕಿದರು. ಅವಳ ಮೇಲೆ ಕೇಸು. ಬಿಸಿಲಿನಲ್ಲಿ ನೀರಿಲ್ಲದೆ ಒಂದು ದಿನವೆಲ್ಲ ನಿಂತ ಮೂವತ್ತೆರಡು ದನದಲ್ಲಿ ಚೌರಿಯ ಎಳೆಗರು, ಮರುದಿನ ಬಿಟ್ಟು ಕಳಿಸುವ ಮೊದಲೇ, ಸತ್ತುಹೋಯಿತು. ಎರಡನೇ ವಾರ ಮಣ್ಣು ಅಗೆಯುವ ಯಂತ್ರ ಬಂತು. ಆನೆ ಕಂದಕ ಅಗೆಯುವುದು ಮೊದಲೇ ತೀರ್ಮಾನವಾಗಿತ್ತಂತೆ, ಗಡಿಕಲ್ಲಿನ ಸಾಲಿನಲ್ಲಿ. ಈಗ ನಕ್ಷೆ ನೋಡಿ ಬದಲಾಯಿಸಿದ್ದರು. ಕಟ್ಟೆಯೇ ಬಾಗಿಲು ಎಂದಾದ ಮೇಲೆ ಬಾಗಿಲನ್ನು ಹೊರಗೆ ಬಿಡುತ್ತಾರೆಯೇ? ಕಂದಕದ ಗೆರೆ ಕಟ್ಟೆಯ ಈಚೆಗೆ, ಊರಿನ ಕಡೆಗೆ ಬಂತು. ಎಂಟು ಮಂದೆಯ ನೀರು ಕಂದಕದ ಆಚೆ ಸೇರಿತು.

ನಾನು ಊರಿಗೆ ಹೋದಾಗ ನಲ್ಲಿಯ ಹತ್ತಿರ ಹೆಂಗಸರು ಮಾತು ನಿಲ್ಲಿಸಿದರು. ಇನ್ನೊಂದು ಮಂದೆಯ ಪುಟ್ಟಸ್ವಾಮಿ ನನ್ನನ್ನು ಬಿಟ್ಟು ದೇವೀರಮ್ಮನಿಗೇ ಹೇಳಿದ: "ಅಕ್ಕೋ, ನಿನ್ ಸೋಕಿಗೆ ಹಸೀಗೆ ರೇಡಿಯೋ ಕಟ್ಟುಸ್ಕೊಂಡು ಕೋಟೇಗೋಗಿ ಸಾಲು ಒದ್ಕೊಂಡ್ ಬಂದೆ. ನಮ್ ದನ ಈಗ ಏನ್ ಕುಡೀಬೇಕು?"

ಮೂವತ್ತು ವರ್ಷ ಅದೇ ಊರಿನವರ ದನ ಕಾದವಳು ತಲೆ ತಗ್ಗಿಸಿ ಕೊಡ ಎತ್ತಿಕೊಂಡು ಒಳಗೆ ಹೋದಳು. ನಾನು ಹಿಂದೆಯೇ ಹೋದೆ.

"ದೊಡ್ಡವ್ವ, ಆ ಚುಕ್ಕೆ ಸುಳ್ಳು ಅಂತ ನೀನು ಅವತ್ತೇ ಹೇಳಿದೆ."

"ಯೇಳ್ದೆ. ನೀನು ಅದ್ರ ಮಾತ್ ನಂಬ್ದೆ."

"ಅದು ಸುಳ್ಳು ಅಂತ ತೋರಿಸೋಣ."

"ಯೆಂಗೆ ತೋರುಸ್ತೀಯ? ಹಸ ಬಂದು ಸಾಕ್ಸಿ ಯೇಳ್ತದಾ?"

ಯೋಚನೆ ಬಂದದ್ದು ಅವಳ ಆ ಮಾತಿನಿಂದಲೇ. ಹಸು ಓಡಾಡುತ್ತದೆ, ಅದರ ಮಾತು ಯಾರೂ ಕೇಳುವುದಿಲ್ಲ. ಓಡಾಡದ ವಸ್ತುವಿಗೆ ಕಟ್ಟಿದರೆ? ಕಂದಕ ಇನ್ನೂ ಪೂರ್ತಿ ಅಗೆದಿರಲಿಲ್ಲ, ಒಂದು ಮೂಲೆಯಲ್ಲಿ ದಾಟಲು ಜಾಗವಿತ್ತು. ಮರುದಿನ ನಾವಿಬ್ಬರೂ ಹೋಗಿ ಬೂದಿಯ ಕೊರಳಿನಿಂದ ಬಿಚ್ಚಿದ ಪಟ್ಟಿಯನ್ನು, ಅವಳು ದಿನವೂ ಒರಗಿ ಕೂರುತ್ತಿದ್ದ ಗಡಿಕಲ್ಲಿಗೆ ಬಿಗಿದು ಕಟ್ಟಿದೆವು. ಮೂರು ದಿನ ಬಿಟ್ಟೆವು. ಯಾರಾದರೂ ಬಿಚ್ಚಿ ಒಯ್ದಾರು ಎಂದು ಮೂರು ಹಗಲೂ ಅವಳು ಅಲ್ಲೇ ಕೂತಿದ್ದಳು. ಗಾರ್ಡು ಬಂದು ಇಲ್ಲೇನು ಎಂದು ಕೇಳಿದ್ದಕ್ಕೆ, "ದನ ಇಲ್ಲ ಕಣಪ್ಪ, ನಾನೊಬ್ಳೇ ಕುಂತಿವ್ನಿ, ನನ್ನೂ ದೊಡ್ಡಿಗಾಕ್ತೀಯ?" ಅಂದಳಂತೆ. ಅವನು ಹೋದನಂತೆ.

ನಾಲ್ಕನೇ ದಿನ ಲ್ಯಾಪ್‌ಟಾಪ್ ತೆರೆದೆ. ಕಲ್ಲು ನಡೆದಿತ್ತು. ಒಂದು ಮಧ್ಯಾಹ್ನ ಕಾಡಿನೊಳಗೆ ಕಾಲು ಕಿಲೋಮೀಟರು ಹೋಗಿ ಬಂದಿತ್ತು. ಇನ್ನೊಂದು ದಿನ ಕಟ್ಟೆಯ ನೀರಿನ ನಟ್ಟನಡುವೆ ಅರ್ಧ ಗಂಟೆ ನಿಂತಿತ್ತು. ದೇವೀರಮ್ಮ ಪರದೆಯ ಮೇಲೆ ಬೆರಳಿಟ್ಟು ಆ ಚುಕ್ಕೆಗಳನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಆ ನೀರು ನಗುವಿನದೇ ಎಂದು ಹೇಳಲಾರೆ.

ನಕ್ಷೆಯನ್ನು ಮುದ್ರಿಸಿಕೊಂಡು ಮೈಸೂರಿಗೆ ಹೋದೆ. ಸರ್ ನೋಡಿದರು. ಆಶ್ಚರ್ಯವೇನೂ ಪಡಲಿಲ್ಲ.

"ಇದು ಗೊತ್ತಿರೋ ವಿಷಯ ಶೋಭಾ. ಎಲ್ಲ ಯಂತ್ರದಲ್ಲೂ ಇಷ್ಟು ದೋಷ ಇರುತ್ತೆ. ವರದಿಯ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕಿದ್ದೀವಿ."

"ಸರ್, ಅವರ ದನ ಒಂದೂ ಒಳಗೆ ಹೋಗಿಲ್ಲ. ನಾನು ಜೊತೆಗಿದ್ದೆ."

"ನೀನು ದಿನಾ ಇರಲಿಲ್ಲವಲ್ಲ."

"ಇದ್ದ ದಿನದ ಚುಕ್ಕೇನೂ ಒಳಗಿದೆ ಸರ್. ಸರಿ ಮಾಡೋಣ ಅಂದಿದ್ರಿ."

"ವರದಿ ಹೋಗಿಬಿಟ್ಟಿದೆ. ಈಗ ತಪ್ಪು ಅಂತ ಬರೆದುಕೊಟ್ಟರೆ ಮುಂದಿನ ಯೋಜನೆ ಕೈತಪ್ಪುತ್ತೆ. ಒಂದು ಮಂದೆಗೋಸ್ಕರ ಇಡೀ ಕೆಲಸ ಹಾಳು ಮಾಡೋಕಾಗುತ್ತಾ? ನೀನು ಭಾವುಕಳಾಗಬೇಡ."

ಭಾವುಕಳಾಗಬೇಡ. ನಾನು ಅವತ್ತು ಅಳಲಿಲ್ಲ, ಕೂಗಲಿಲ್ಲ. ಮೇಜಿನ ಮೇಲೆ ಅವರ ಚಹದ ಲೋಟ ಇತ್ತು, ಅದನ್ನು ಎತ್ತಿ ಗೋಡೆಗೆ ಬಡಿಯಬೇಕು ಎನಿಸಿದ್ದು ಮಾತ್ರ ನಿಜ. ಬಡಿಯದೆ ಬಂದದ್ದಕ್ಕೆ ಈಗಲೂ ಕೆಲವು ಸಲ ಪಶ್ಚಾತ್ತಾಪವಾಗುತ್ತದೆ.

ಮರುದಿನ ದೇವೀರಮ್ಮನನ್ನು ಕರೆದುಕೊಂಡು ಅರಣ್ಯದ ಅಧಿಕಾರಿಯ ಹತ್ತಿರ ಹೋದೆ. ದಣಿದ ಮುಖದ ಮನುಷ್ಯ, ಕೂರಿಸಿ ಮಾತಾಡಿಸಿದರು. ಎರಡೂ ನಕ್ಷೆಯನ್ನು ಪಕ್ಕಪಕ್ಕ ಇಟ್ಟು ವಿವರಿಸಿದೆ. ಅವರಿಗೆ ಅರ್ಥವಾಯಿತು. ಅರ್ಥವಾದದ್ದು ಮುಖದಲ್ಲಿ ಕಂಡಿತು.

"ನೀವು ಹೇಳೋದು ಸರಿ ಇರಬಹುದಮ್ಮ. ಆದರೆ ನನಗೆ ಬಂದಿರೋದು ನಿಮ್ಮದೇ ಸಂಸ್ಥೆ ವರದಿ. ತಪ್ಪಿದ್ದರೆ ನಿಮ್ಮ ಸಂಸ್ಥೆಯೇ ಬರೆದುಕೊಡಲಿ. ಕಂಪ್ಯೂಟರ್ ದಾಖಲೆ ಮುಂದೆ ನಾನು ಬಾಯಿಮಾತು ಇಟ್ಟುಕೊಂಡು ಏನು ಮಾಡಲಿ?"

ಅಲ್ಲಿಯ ತನಕ ಕುರ್ಚಿಯ ಅಂಚಿನಲ್ಲಿ ಕೂತಿದ್ದ ದೇವೀರಮ್ಮ ಎದ್ದಳು. ಸ್ವರ ಏರಿಸಲಿಲ್ಲ.

"ಸಾಮಿ, ನನ್ ದನ ಒಳೀಕೋಗವೆ ಅಂತ ಈ ಪೆಟ್ಗೆ ಯೇಳ್ತು, ದೊಡ್ಡಿಗಾಕುದ್ರಿ. ಒಂದ್ ಕರು ಸತ್ತೋಯ್ತು. ಈಗ ನಿಮ್ ಕಲ್ಲೂ ಒಳೀಕೋಗದೆ ಅಂತ ಅದೇ ಪೆಟ್ಗೆ ಯೇಳ್ತಾ ಅದೆ. ಕಲ್ನೂ ದೊಡ್ಡಿಗಾಕಿ. ಇಲ್ಲಾಂದ್ರೆ ನನ್ ಕರ ತಂದ್ಕೊಡಿ."

ಕೋಣೆಯಲ್ಲಿದ್ದ ಗುಮಾಸ್ತ ನಗಲು ಹೋಗಿ ಬಾಯಿ ಮುಚ್ಚಿಕೊಂಡ. ಅಧಿಕಾರಿ ನಗಲಿಲ್ಲ. ಎರಡೂ ನಕ್ಷೆಯನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು, "ಮಾಹಿತಿ ಸಂಗ್ರಹಿಸಿದವರು ಯಾರು?" ಎಂದು ಕೇಳಿದರು.

"ನಾನೇ ಸರ್."

"ಹಾಗಾದರೆ ನೀವೇ ಬರೆದುಕೊಡಿ. ಸಹಿ ಹಾಕಿ. ಕೇಸಿನ ಮಟ್ಟಿಗೆ ನೋಡ್ತೀನಿ."

ಅಲ್ಲೇ ಕೂತು ಬರೆದೆ. ಈ ಚುಕ್ಕೆಗಳನ್ನು ಸಂಗ್ರಹಿಸಿದವಳು ನಾನು, ಇವು ಮರದ ಕೆಳಗೆ ತಪ್ಪು ತೋರಿಸುತ್ತವೆ ಎಂದು ಸಂಸ್ಥೆಗೂ ಗೊತ್ತು, ನನಗೂ ಗೊತ್ತಿತ್ತು, ಗೊತ್ತಿದ್ದೂ ಕಳಿಸಿದೆ. 'ಗೊತ್ತಿದ್ದೂ' ಎಂಬ ಪದವನ್ನು ಬರೆಯುವಾಗ ಪೆನ್ನು ನಿಂತಿತು. ಬರೆದೆ. ಒಂದು ಪ್ರತಿ ಪಂಚಾಯಿತಿಗೆ, ಒಂದು ಮೈಸೂರಿನ ಕಚೇರಿಗೆ. ಐದನೇ ದಿನ ನನ್ನ ಕೆಲಸ ಹೋಯಿತು. ಕೊರಳಪಟ್ಟಿಯನ್ನೂ ಲ್ಯಾಪ್‌ಟಾಪನ್ನೂ ಕಚೇರಿಯಲ್ಲಿ ಇಟ್ಟು ಬಂದೆ, ಯಾರೂ ನನ್ನ ಮುಖ ನೋಡಲಿಲ್ಲ.

ದೇವೀರಮ್ಮನ ಮೇಲಿನ ಕೇಸು ಬಿಟ್ಟುಹೋಯಿತು. ಆದರೆ ಕಂದಕ ಅಷ್ಟು ಹೊತ್ತಿಗೆ ಮುಗಿದಿತ್ತು, ಅಗೆದ ಕಂದಕವನ್ನು ಮುಚ್ಚಲು ಯಾವ ಕಾಗದದಲ್ಲೂ ಜಾಗವಿರಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು. ಕಟ್ಟೆ ತುಂಬಿ ಕೋಡಿ ಬಿದ್ದಿದ್ದನ್ನು ದನಗಳು ಕಂದಕದ ಈಚೆಯಿಂದ ನೋಡುತ್ತ ಕೂಗುತ್ತಿದ್ದವು ಎಂದು ದೇವೀರಮ್ಮನ ನಾದಿನಿ ನನಗೆ ಹೇಳಿದಳು. ಮಳೆಗಾಲ ಹೇಗೋ ಗುಂಡಿಯ ನೀರಿನಲ್ಲಿ ಕಳೆಯಬಹುದು, ಮುಂದಿನ ಬೇಸಿಗೆಗೆ ಏನು ಎಂದು ಊರವರು ತಮ್ಮ ತಮ್ಮ ದನಗಳನ್ನು ದೇವೀರಮ್ಮನ ಮಂದೆಯಿಂದ ಬಿಡಿಸಿಕೊಂಡರು. ತನ್ನವುಗಳಲ್ಲಿ ಕೆಲವನ್ನು ಅವಳು ಪಿರಿಯಾಪಟ್ಟಣದ ಕಡೆಯ ನೆಂಟರಿಗೆ ಕೊಟ್ಟಳು. ಮಂದೆ ಮೂವತ್ತೆರಡರಿಂದ ನಾಲ್ಕಕ್ಕೆ ಇಳಿಯಿತು.

ಆ ನಾಲ್ಕನ್ನು ಹೊಡೆದುಕೊಂಡು, ಕೆ.ಆರ್. ನಗರದ ಕಡೆ ನಾಲೆಯ ಬದಿಯ ಊರಿನಲ್ಲಿದ್ದ ತಂಗಿಯ ಮನೆಗೆ ಹೊರಟಳು. ಲಾರಿಗೆ ಹತ್ತಿಸಲು ಒಪ್ಪಲಿಲ್ಲ, ನಡೆಸಿಕೊಂಡೇ ಹೋಗುತ್ತೇನೆ ಅಂದಳು. ಸುದ್ದಿ ತಿಳಿದು ನಾನು ಹುಣಸೂರಿನಲ್ಲಿ ಅವಳ ಜೊತೆ ಸೇರಿಕೊಂಡೆ. ಬರಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ಜಡಿಮಳೆ. ಗಾವಡಗೆರೆಯ ಕಡೆಯ ದಾರಿಯಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಅವಳು ಮುಂದೆ, ಬೂದಿ ಅವಳ ಹಿಂದೆ, ಉಳಿದ ಮೂರು, ಕೊನೆಗೆ ನಾನು. ಬೂದಿಯ ಕೊರಳಲ್ಲಿ ಪಟ್ಟಿ ಇದ್ದ ಜಾಗದ ಕೂದಲು ಸವೆದು ಬೆಳ್ಳಗೆ ಒಂದು ಸುತ್ತು ಕಾಣುತ್ತಿತ್ತು. ಹೊಗೆಸೊಪ್ಪಿನ ಹೊಲಗಳು ಬಂದವು, ಆಮೇಲೆ ನಾಟಿಗೆ ಹದ ಮಾಡಿದ ಗದ್ದೆಗಳು. ಇಡೀ ದಾರಿ ಅವಳು ಹಸುಗಳ ಹತ್ತಿರ ಮಾತಾಡಿದಳು, ನನ್ನ ಹತ್ತಿರ ಇಲ್ಲ.

ತಂಗಿಯ ಊರು ಹಸಿರಾಗಿತ್ತು. ಎಲ್ಲ ಕಡೆ ನೀರು, ಎಲ್ಲ ಕಡೆ ಬೆಳೆ. ಬೆಳೆ ಇರುವ ಕಡೆ ದನ ಬಿಡುವಂತಿಲ್ಲ. ತಂಗಿ ಕೊಟ್ಟಿಗೆಯ ಮುಂದೆ ನಾಲ್ಕು ಗೂಟ ಹೊಡೆಸಿದ್ದಳು. ಹುಟ್ಟಿದಾಗಿನಿಂದ ಹಗ್ಗ ಕಾಣದ ಬೂದಿ ಗೂಟದ ಹತ್ತಿರ ಕಾಲೂರಿ ನಿಂತುಬಿಟ್ಟಿತು. ದೇವೀರಮ್ಮ ಅದರ ಗಂಗೆದೊಗಲು ಸವರುತ್ತ, ಅದು ತಲೆ ತಗ್ಗಿಸುವ ತನಕ ಕಾದಳು.

ಅಷ್ಟು ದಿನ ಬಾಯಿಗೆ ಬಾರದಿದ್ದದ್ದು ಆಗ ಬಂತು. "ದೊಡ್ಡವ್ವ, ನನ್ನಿಂದ ತಪ್ಪಾಯ್ತು. ಕ್ಷಮಿಸಿಬಿಡು."

"ಆ ಅಗ್ಗ ಇತ್ಲಾಗ್ ಕೊಡು," ಅಂದಳು.

ಕೊಟ್ಟೆ. ಬೂದಿಯನ್ನು ಕಟ್ಟಿದಳು. ಗಂಟು ಬಿಗಿಯಾಯಿತೆಂದು ಮತ್ತೆ ಬಿಚ್ಚಿ ಸಡಿಲವಾಗಿ ಕಟ್ಟಿದಳು.

"ನೀನು ಬರ್ದುಕೊಟ್ಟೆ, ಕೆಲ್ಸ ಕಳ್ಕೊಂಡೆ. ನಂಗೊತ್ತು. ಸುಳ್ ಯೇಳಾಕಿಲ್ಲ, ನೀನ್ ಒಳ್ಳೇವ್ಳೇ ಕಣವ್ವ. ಅದ್ರಿಂದ ನನ್ ಕಟ್ಟೆ ಬರಾಕಿಲ್ಲ."

"ನನ್ನ ಮೇಲೆ ಕೋಪ ಇದೆಯಾ?"

"ಅದೆ," ಅಂದಳು. "ಇರಾಕಿಲ್ವಾ?"

ಕೈ ತೊಳೆದುಕೊಂಡು, ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋದಳು. ನಾನು ಮಳೆಯಲ್ಲಿ ಅಲ್ಲೇ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು, "ನೆನೀಬ್ಯಾಡ, ಒಳೀಕ್ ಬಾ. ಮುದ್ದೆ ಆರ್ತದೆ" ಅಂದಳು. ಬಡಿಸುವಾಗಲೂ ನನ್ನ ಮುಖ ನೋಡಲಿಲ್ಲ. ಸಾರು ಸಾಲದಾಯಿತೆಂದು ಕೇಳದೆಯೇ ಇನ್ನೊಂದು ಸೌಟು ಹಾಕಿದಳು. ಎದುರಿಗೆ ಕೂತು, ನನ್ನ ತಟ್ಟೆ ಖಾಲಿಯಾಗುವ ತನಕ ಏಳಲಿಲ್ಲ.